ಮುಪ್ಪಿನ ಕಡೆಗೆ ನಡೆಯುವ ಮನಸ್ಸನ್ನು ಅಳೆಯುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಒಬ್ಬ ನಿವೃತ್ತ ಮೇಷ್ಟ್ರು ಅರವತ್ತರಲ್ಲಿ, ಶಾಲೆಯಿಂದ ಬೀಳ್ಕೊಂಡ ವರ್ಷವೇ, ಬದುಕಿನ ತೃಪ್ತಿಯನ್ನು ಅಳೆಯುವ ಐದು ಪ್ರಶ್ನೆಗಳಿಗೆ ಉತ್ತರಿಸಿದ್ದರು. 35ಕ್ಕೆ 28 ಅಂಕ ಬಂದಿತ್ತು. ಎಪ್ಪತ್ತೆರಡರಲ್ಲಿ ಅದೇ ಐದು ಪ್ರಶ್ನೆಗಳಿಗೆ 22 ಬಂತು. ಹಾಳೆಯನ್ನಷ್ಟೇ ನೋಡುವವರು ‘ಕುಸಿತ’ ಎಂದು ಬರೆದುಕೊಳ್ಳುತ್ತಾರೆ. ಹಳೆಯ ಹಾಳೆಯನ್ನು ಮುಂದಿಟ್ಟಾಗ ಮೇಷ್ಟ್ರು ಕನ್ನಡಕ ಏರಿಸಿ ನೋಡಿ ನಕ್ಕರು. “ಆಗ ಧಾರಾಳವಾಗಿ ಅಂಕ ಹಾಕಿದ್ದೇನೆ. ತೃಪ್ತಿ ಎಂದರೇನು ಎಂದು ಆಗ ನನಗೆ ಗೊತ್ತಿರಲಿಲ್ಲ” ಎಂದರು.

ಹಿಂದೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಹೊಂದುತ್ತಿರಲಿಲ್ಲ. ಮನಸ್ಸಿನ ಅಳತೆಯಲ್ಲಿ ಒಬ್ಬನೇ ಮನುಷ್ಯನ ಎರಡು ವಯಸ್ಸುಗಳ ನಡುವೆಯೂ ಸೇರು ಬದಲಾಗುತ್ತದೆ. ಈ ಬರಹ ಮುಖ್ಯವಾಗಿ ಆ ತೊಡಕಿನ ಸುತ್ತ ಇದೆ. ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯದ ವಿದ್ಯಾರ್ಥಿಗಳು, ಹಿರಿಯ ನಾಗರಿಕರ ವೇದಿಕೆ ನಡೆಸುವವರು, ನಲವತ್ತರಿಂದ ಅರವತ್ತು ಜನರನ್ನು ಐದಾರು ವರ್ಷ ಬೆನ್ನುಹತ್ತಿ ಅಧ್ಯಯನ ಮಾಡುವ ತಾಳ್ಮೆ ಇರುವ ಯಾರೇ ಆದರೂ ಇದನ್ನು ಬಳಸಬಹುದು.

ಹಂತ 1: ಅಳೆಯುವುದು ಏನನ್ನು ಎಂದು ತೀರ್ಮಾನಿಸಿ

‘ಮನಸ್ಸಿನ ಬದಲಾವಣೆ’ ಎಂಬುದು ಗೋಣಿಚೀಲದಂಥ ಮಾತು, ಏನು ಹಾಕಿದರೂ ಹಿಡಿಯುತ್ತದೆ. ಮೊದಲು ಅದನ್ನು ಬಿಡಿಸಿಕೊಳ್ಳಬೇಕು. ಕನಿಷ್ಠ ಮೂರು ಭಾಗಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ.

ಮೊದಲನೆಯದು ಮಾನಸಿಕ ಕ್ಷೇಮ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ರಿಫ್ 1989ರಲ್ಲಿ ಇದನ್ನು ಆರು ಎಳೆಗಳಾಗಿ ವಿಂಗಡಿಸಿದರು: ತನ್ನನ್ನು ತಾನು ಒಪ್ಪಿಕೊಳ್ಳುವುದು, ಇತರರೊಡನೆ ಒಳ್ಳೆಯ ಸಂಬಂಧ, ಸ್ವಂತ ನಿರ್ಧಾರದ ಶಕ್ತಿ, ಸುತ್ತಲಿನ ಬದುಕನ್ನು ನಿಭಾಯಿಸುವ ಹಿಡಿತ, ಬದುಕಿಗೊಂದು ಗುರಿ, ಬೆಳೆಯುತ್ತಲೇ ಇದ್ದೇನೆ ಎಂಬ ಅರಿವು. ವಯಸ್ಸಾದಂತೆ ಇವು ಆರೂ ಒಂದೇ ದಿಕ್ಕಿಗೆ ಹೋಗುವುದಿಲ್ಲ. ನಿಭಾಯಿಸುವ ಹಿಡಿತ ಏರಿದವರಲ್ಲೇ ಗುರಿಯ ಅರಿವು ಇಳಿದಿರಬಹುದು. ಆದ್ದರಿಂದ ಆರನ್ನೂ ಕೂಡಿಸಿ ಒಂದೇ ಮೊತ್ತ ಮಾಡಬೇಡಿ.

ಎರಡನೆಯದು ಪ್ರಬುದ್ಧತೆ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ ಹೇಳಿದ ಬದುಕಿನ ಎಂಟು ಹಂತಗಳಲ್ಲಿ ಕೊನೆಯ ಎರಡು ಇಲ್ಲಿ ಕೆಲಸಕ್ಕೆ ಬರುತ್ತವೆ. ನಡುವಯಸ್ಸಿನಲ್ಲಿ ಮುಂದಿನ ಪೀಳಿಗೆಗಾಗಿ ಏನಾದರೂ ಮಾಡುವ ತುಡಿತಕ್ಕೂ ನಿಂತ ನೀರಾಗುವುದಕ್ಕೂ ನಡುವಿನ ಹೊಯ್ದಾಟ ಒಂದು. ಮುಪ್ಪಿನಲ್ಲಿ ಬಾಳಿದ ಬಾಳನ್ನು ಇಡಿಯಾಗಿ ಒಪ್ಪಿಕೊಳ್ಳುವುದಕ್ಕೂ ಹತಾಶೆಗೂ ನಡುವಿನ ಹೊಯ್ದಾಟ ಇನ್ನೊಂದು.

ಮೂರನೆಯದು ಆಧ್ಯಾತ್ಮ. ಹೆಚ್ಚಿನವರು ಎಡವುವುದು ಇಲ್ಲೇ. ‘ವಾರಕ್ಕೆ ಎಷ್ಟು ಸಲ ದೇವಸ್ಥಾನಕ್ಕೆ ಹೋಗುತ್ತೀರಿ?’ ಎಂದು ಕೇಳಿ ಆಧ್ಯಾತ್ಮ ಅಳೆದೆವು ಎಂದುಕೊಳ್ಳುತ್ತಾರೆ. ಎಂಬತ್ತರ ಅಜ್ಜಿ ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟಿರುವುದು ಮಂಡಿ ನೋವಿನಿಂದ. ಡ್ಯೂಕ್ ವಿಶ್ವವಿದ್ಯಾಲಯದ ಧಾರ್ಮಿಕತೆಯ ಸೂಚಿಯಲ್ಲಿ ಇರುವುದು ಐದೇ ಪ್ರಶ್ನೆ. ಆದರೆ ಅದು ಜನರೊಡನೆ ಸೇರಿ ಮಾಡುವ ಆಚರಣೆ, ಮನೆಯಲ್ಲಿ ಒಬ್ಬರೇ ಮಾಡುವ ಪ್ರಾರ್ಥನೆ ಅಥವಾ ಪಾರಾಯಣ, ಒಳಗಿನ ನಂಬಿಕೆ ಈ ಮೂರನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ಮುಪ್ಪಿನಲ್ಲಿ ಮೊದಲನೆಯದು ಇಳಿದು ಉಳಿದೆರಡು ಏರಬಹುದು. ಮೊತ್ತ ಮಾತ್ರ ನೋಡಿದರೆ ಏನೂ ಆಗಿಲ್ಲವೆಂದು ಕಾಣುತ್ತದೆ.

ಸ್ವೀಡನ್ನಿನ ಸಮಾಜಶಾಸ್ತ್ರಜ್ಞ ಲಾರ್ಸ್ ಟೋರ್ನ್‌ಸ್ಟಾಮ್ 1989ರಲ್ಲಿ ಮುಂದಿಟ್ಟ ‘ಜೆರೋಟ್ರಾನ್ಸೆಂಡೆನ್ಸ್’ ಎಂಬ ವಿಚಾರವನ್ನೂ ನೋಡಿಕೊಳ್ಳಿ. ಮುದುಕರು ಜನರಿಂದ ದೂರ ಸರಿದು ಸುಮ್ಮನೆ ಕೂರುವುದೆಲ್ಲ ಖಿನ್ನತೆಯಲ್ಲ, ಅದು ಒಂದು ಬೆಳವಣಿಗೆಯೂ ಇರಬಹುದು ಎಂಬುದು ಅವರ ವಾದ. ಹೋದವರ ಜೊತೆಗೂ ಹುಟ್ಟಲಿರುವವರ ಜೊತೆಗೂ ನಂಟಿದೆ ಎಂಬ ಭಾವ, ‘ನಾನು’ ಎಂಬುದರ ಬಿಗಿ ಸಡಿಲವಾಗುವುದು, ಏಕಾಂತ ಹಿತವೆನಿಸುವುದು, ಕೆಲವೇ ಆಪ್ತರು ಸಾಕೆನಿಸುವುದು ಇದರ ಗುರುತುಗಳು. ವಾನಪ್ರಸ್ಥ ಎಂಬ ಪದವನ್ನು ಕೇಳುತ್ತ ಬೆಳೆದ ನಮಗೆ ಇದೇನೂ ಬೆರಗಿನ ಸುದ್ದಿಯಲ್ಲ. ಆದರೆ ಅದನ್ನು ಪ್ರಶ್ನಾವಳಿಗೆ ಇಳಿಸುವ ಕೆಲಸ ಅಲ್ಲಿ ನಡೆಯಿತು ಎಂಬುದನ್ನು ಒಪ್ಪಬೇಕು.

ಹಂತ 2: ಒಂದೇ ದಿನದ ಫೋಟೋ ಸಾಲದು

ಮೂವತ್ತು, ಐವತ್ತು, ಎಪ್ಪತ್ತು ವಯಸ್ಸಿನ ಮೂರು ಗುಂಪುಗಳನ್ನು ಒಂದೇ ತಿಂಗಳಲ್ಲಿ ಮಾತನಾಡಿಸಿ ‘ವಯಸ್ಸಾದಂತೆ ದೈವಭಕ್ತಿ ಹೆಚ್ಚುತ್ತದೆ’ ಎಂದು ಬರೆಯುವುದು ಎಲ್ಲಕ್ಕಿಂತ ಸುಲಭದ ತಪ್ಪು. ಎಪ್ಪತ್ತರವರು ಎಪ್ಪತ್ತಾದ ಕಾರಣಕ್ಕೆ ಭಕ್ತರೋ, ಹರಿಕಥೆ ಭಜನೆಗಳ ನಡುವೆ ಬೆಳೆದ ಪೀಳಿಗೆ ಎಂಬ ಕಾರಣಕ್ಕೋ, ಆ ಫೋಟೋ ಹೇಳುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಾರ್ನರ್ ಶಾಯಿ 1956ರಲ್ಲಿ ಆರಂಭಿಸಿದ, ಬುದ್ಧಿಶಕ್ತಿಯ ಬಗೆಗಿನ ಸಿಯಾಟಲ್ ಅಧ್ಯಯನ ಏಳು ವರ್ಷಕ್ಕೊಮ್ಮೆ ಅದೇ ಜನರ ಬಳಿಗೆ ಮರಳಿತು, ಪ್ರತಿ ಸಲವೂ ಹೊಸಬರನ್ನು ಸೇರಿಸಿಕೊಂಡಿತು. ಬೇರೆ ಬೇರೆ ವಯಸ್ಸಿನವರನ್ನು ಹೋಲಿಸಿದಾಗ ಬುದ್ಧಿಶಕ್ತಿ ಬಹು ಬೇಗ ಇಳಿಯುವಂತೆ ಕಂಡಿತ್ತು. ಅದೇ ಜನರನ್ನು ಹಿಂಬಾಲಿಸಿದಾಗ ಆ ಇಳಿಕೆ ತಡವಾಗಿಯೂ ಮೆಲ್ಲಗೂ ಆಗುವುದು ಗೊತ್ತಾಯಿತು. ವ್ಯತ್ಯಾಸದ ದೊಡ್ಡ ಪಾಲು ಪೀಳಿಗೆಗಳದ್ದಾಗಿತ್ತು.

ನಮ್ಮಲ್ಲೂ ಇಂಥ ದೀರ್ಘ ಅಧ್ಯಯನಗಳಿವೆ. 2017-18ರಲ್ಲಿ ಮೊದಲ ಸುತ್ತು ನಡೆಸಿದ ರಾಷ್ಟ್ರಮಟ್ಟದ ‘ಲಾಸಿ’ (ಭಾರತದಲ್ಲಿ ಮುಪ್ಪಿನ ದೀರ್ಘಕಾಲದ ಅಧ್ಯಯನ) ಸಮೀಕ್ಷೆ 45 ದಾಟಿದವರು, ಅವರ ಬಾಳಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರನ್ನು ವರ್ಷಗಳಿಂದ ಹಿಂಬಾಲಿಸುತ್ತಿದೆ.

ನಿಮ್ಮ ಸಣ್ಣ ಅಧ್ಯಯನಕ್ಕೆ ಕನಿಷ್ಠ ಮೂರು ಸುತ್ತು ಬೇಕು. ಎರಡು ಚುಕ್ಕೆಗಳ ನಡುವೆ ಯಾವಾಗಲೂ ನೇರ ಗೆರೆಯೇ ಬರುತ್ತದೆ. ಇಳಿದು ಏರಿದ್ದು, ಏರಿ ನಿಂತದ್ದು ಕಾಣಲು ಮೂರನೆಯದು ಬೇಕೇ ಬೇಕು. ಎರಡು ವರ್ಷಕ್ಕೊಂದು ಸುತ್ತು ಸಾಕು. ನಡುವೆ ಬರಗಾಲ, ಸಾಂಕ್ರಾಮಿಕದಂಥ ಊರಿಗೆಲ್ಲ ತಟ್ಟಿದ ಘಟನೆ ನಡೆದರೆ ದಿನಾಂಕ ಸಮೇತ ಬರೆದಿಡಿ. 2020ರ ಹಿಂದೊಂದು ಮುಂದೊಂದು ಅಳತೆ ಇಟ್ಟುಕೊಂಡು ‘ವಯಸ್ಸಿನ ಪರಿಣಾಮ’ ಎಂದು ಬರೆದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು.

ತಿಂಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮೊದಲ ಸುತ್ತು ಶ್ರಾವಣದಲ್ಲಿ, ಎರಡನೆಯದು ಪುಷ್ಯದಲ್ಲಿ ಮಾಡಿದರೆ ನೀವು ಅಳೆದದ್ದು ಪಂಚಾಂಗವನ್ನು. ಇಂಗ್ಲಿಷ್ ತಿಂಗಳನ್ನು ನೆಚ್ಚಿಕೊಂಡರೂ ಸಾಲದು. 2023ರಲ್ಲಿ ಅಧಿಕ ಶ್ರಾವಣ ಬಂದು ನಿಜ ಶ್ರಾವಣ ಆಗಸ್ಟ್ ನಡುವಿಗೆ ಸರಿದಿತ್ತು. ಮುಸ್ಲಿಂ ಹಿರಿಯರಿದ್ದರೆ ರಂಜಾನ್ ವರ್ಷವರ್ಷವೂ ಹಿಂದಕ್ಕೆ ಸರಿಯುವುದನ್ನು ನೆನಪಿಡಿ. ಹಬ್ಬ ವ್ರತಗಳು ವಿರಳವಾದ ಒಂದು ಅವಧಿಯನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ.

ಹಂತ 3: ಮಾಪಕ ಆರಿಸಿ, ಆದರೆ ಆಸೆಬುರುಕರಾಗಬೇಡಿ

ಒಟ್ಟು ಮಾತುಕತೆ ನಲವತ್ತು ನಿಮಿಷ ಮೀರಬಾರದು. ಎಪ್ಪತ್ತೈದರ ಹಿರಿಯರು ಐವತ್ತನೆಯ ಪ್ರಶ್ನೆಯ ಹೊತ್ತಿಗೆ ನಿಮ್ಮನ್ನು ಕಳುಹಿಸಿಕೊಡಲು ಎಲ್ಲದಕ್ಕೂ ‘ಹೂಂ’ ಎನ್ನುತ್ತಾರೆ.

ಬದುಕಿನ ತೃಪ್ತಿಗೆ ಎಡ್ ಡೀನರ್ ತಂಡ 1985ರಲ್ಲಿ ಪ್ರಕಟಿಸಿದ ಐದು ಪ್ರಶ್ನೆಗಳ ಮಾಪಕ ಸಾಕು, ಅಂಕ 5ರಿಂದ 35ರವರೆಗೆ. ಕ್ಷೇಮಕ್ಕೆ ರಿಫ್ ಅವರ ಮಾಪಕದ ಉದ್ದನೆಯ ರೂಪದಲ್ಲಿ 84 ಪ್ರಶ್ನೆಗಳಿವೆ, ಗಿಡ್ಡದರಲ್ಲಿ 18. ಗಿಡ್ಡದರಲ್ಲಿ ಎಳೆಗೆ ಮೂರೇ ಪ್ರಶ್ನೆ, ಹಾಗಾಗಿ ಅಳತೆ ಒರಟು. 42 ಪ್ರಶ್ನೆಗಳ ರೂಪ ನಡುದಾರಿ. ಆಧ್ಯಾತ್ಮಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 32 ಪ್ರಶ್ನೆಗಳ ಮಾಪಕವಿದೆ. ಅದು ಒಳಗಿನ ಶಾಂತಿ, ಬದುಕಿನ ಅರ್ಥ, ವಿಸ್ಮಯ, ಭರವಸೆ ಮುಂತಾದ ಎಂಟು ಮುಖಗಳನ್ನು ತಲಾ ನಾಲ್ಕು ಪ್ರಶ್ನೆಗಳಲ್ಲಿ ಕೇಳುತ್ತದೆ. ದೇವರನ್ನು ನಂಬದವರೂ ಉತ್ತರಿಸಬಲ್ಲ ಪ್ರಶ್ನೆಗಳು ಅದರಲ್ಲಿ ಹೆಚ್ಚು. ಯಾವುದನ್ನು ಬಳಸಿದರೂ ಹಕ್ಕುದಾರರ ಅನುಮತಿ ಪಡೆಯಿರಿ. ಕನ್ನಡದ ರೂಪ ಆಗಲೇ ಇದೆಯೇ ಎಂದೂ ಅವರನ್ನೇ ಕೇಳಿ.

‘ವಿವೇಕ’ವನ್ನು ಮಾತ್ರ ಅಂಕದ ಹಾಳೆಯಲ್ಲಿ ಕೇಳಲು ಹೋಗಬೇಡಿ. ‘ನಾನು ವಿವೇಕಿ’ ಎಂಬುದಕ್ಕೆ ಪೂರ್ಣ ಅಂಕ ಹಾಕಿಕೊಳ್ಳುವವರು ಯಾರೆಂದು ನಮಗೆಲ್ಲ ಗೊತ್ತು. ಬರ್ಲಿನ್ನಿನಲ್ಲಿ ಪಾಲ್ ಬಾಲ್ಟೆಸ್ ತಂಡ ಬೇರೆ ದಾರಿ ಹಿಡಿಯಿತು. ಒಂದು ಸಮಸ್ಯೆ ಹೇಳಿ, ಗಟ್ಟಿಯಾಗಿ ಯೋಚಿಸಲು ಬಿಟ್ಟು, ಆ ಮಾತನ್ನು ತರಬೇತಾದ ಓದುಗರಿಂದ ಐದು ಮಾನದಂಡಗಳಲ್ಲಿ ತೂಗಿಸಿತು. ಅವರ ಪ್ರಸಿದ್ಧ ಪ್ರಶ್ನೆಗಳಲ್ಲಿ ಒಂದು: ಹದಿನೈದರ ಹುಡುಗಿಯೊಬ್ಬಳು ಈಗಲೇ ಮದುವೆಯಾಗಬೇಕು ಎನ್ನುತ್ತಾಳೆ, ಏನನ್ನೆಲ್ಲ ಯೋಚಿಸಬೇಕು? ಜರ್ಮನಿಯಲ್ಲಿ ಇದು ಊಹೆಯ ಪ್ರಶ್ನೆ. ಹದಿಮೂರಕ್ಕೇ ತಾಳಿ ಕಟ್ಟಿಸಿಕೊಂಡ ನಮ್ಮ ಅಜ್ಜಿಯರಿಗೆ ಇದು ಸ್ವಂತ ಕಥೆ. ಕೆಲವರು ಮೌನವಾಗುತ್ತಾರೆ, ಕೆಲವರು ಅಳುತ್ತಾರೆ. ಸಮಸ್ಯೆಯನ್ನು ಬದಲಿಸಿ, ವಿಧಾನವನ್ನು ಉಳಿಸಿಕೊಳ್ಳಿ. ‘ಮಗ ಜಮೀನು ಮಾರಿ ಊರು ಬಿಡುತ್ತೇನೆ ಎನ್ನುತ್ತಾನೆ, ಏನು ಯೋಚಿಸಬೇಕು?’ ಎಂದು ಕೇಳಿ ನೋಡಿ, ಅರ್ಧ ಗಂಟೆ ಮಾತು ನಿಲ್ಲುವುದಿಲ್ಲ.

ಹಂತ 4: ಕನ್ನಡಕ್ಕೆ ತರುವುದು

ಇದಕ್ಕೆ ನೀವು ಅಂದುಕೊಂಡಿದ್ದಕ್ಕಿಂತ ಮೂರು ಪಟ್ಟು ಸಮಯ ಇಡಿ. ರೂಢಿಯ ಕ್ರಮ ಹೀಗೆ: ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಬೇಕು, ಕೂತು ಎರಡನ್ನೂ ಒಂದೇ ಪಠ್ಯವಾಗಿ ಹೊಂದಿಸಬೇಕು, ಮೂಲ ನೋಡದ ಮೂರನೆಯವರು ಅದನ್ನು ಇಂಗ್ಲಿಷಿಗೆ ಮರಳಿಸಬೇಕು, ಅದನ್ನು ಮೂಲದೊಡನೆ ಹೋಲಿಸಬೇಕು. ಇಷ್ಟು ಮಾಡಿದರೂ ಮೂರು ತೊಡಕುಗಳು ಉಳಿಯುತ್ತವೆ.

ಒಂದು, ಇಲ್ಲವಾಚಕ ವಾಕ್ಯಗಳು. ‘ನನಗೆ ಒಂಟಿತನ ಕಾಡುವುದಿಲ್ಲ’ ಎಂದು ಓದಿದಿರಿ ಎನ್ನೋಣ. ‘ಹೌದು’ ಎಂದರೂ ಕಾಡುವುದಿಲ್ಲ, ‘ಇಲ್ಲ’ ಎಂದರೂ ಕಾಡುವುದಿಲ್ಲ! ನಮ್ಮ ಮಾತಿನಲ್ಲಿ ಎರಡೂ ಸಹಜ ಉತ್ತರಗಳೇ. ಕೆಲವು ಪಾಶ್ಚಾತ್ಯ ಮಾಪಕಗಳಲ್ಲಿ ಸುಮಾರು ಅರ್ಧದಷ್ಟು ಪ್ರಶ್ನೆಗಳು ಹೀಗೆ ತಿರುಗಿಸಿದವು ಇರುತ್ತವೆ. ‘ನನಗೆ ಒಂಟಿತನ ಕಾಡುತ್ತದೆ: ಯಾವಾಗಲೂ, ಆಗಾಗ, ಅಪರೂಪಕ್ಕೆ, ಎಂದೂ ಇಲ್ಲ’ ಎಂದು ಬದಲಿಸಿ, ಬದಲಿಸಿದ್ದನ್ನು ವರದಿಯಲ್ಲಿ ಬರೆಯಿರಿ.

ಎರಡು, ಪದಗಳ ಒಳಹೊರಗು. ತೃಪ್ತಿ, ನೆಮ್ಮದಿ, ಸಮಾಧಾನ, ಸಂತೋಷ ನಿಘಂಟಿನಲ್ಲಿ ಅಕ್ಕಪಕ್ಕದ ಮನೆಯವು. ಬದುಕಿನಲ್ಲಿ ಹಾಗಲ್ಲ. ‘ಸಂತೋಷವೇನಿಲ್ಲ, ನೆಮ್ಮದಿ ಇದೆ’ ಎಂದು ಹಿರಿಯರು ಎಷ್ಟು ಸಲ ಹೇಳಿಲ್ಲ? ಆ ಒಂದು ವಾಕ್ಯದಲ್ಲೇ ನಿಮ್ಮ ಅಧ್ಯಯನದ ಅರ್ಧ ಇದೆ. ನೆಮ್ಮದಿಯನ್ನು ಪ್ರತ್ಯೇಕ ಪ್ರಶ್ನೆಯಾಗಿ ಇಡಿ. ‘ಆಧ್ಯಾತ್ಮ’ ಎಂಬ ಪದವನ್ನು ಪ್ರಶ್ನೆಯಲ್ಲಿ ಬಳಸಲೇಬೇಡಿ. ಓದಿದವರಿಗೆ ಅದು ಪ್ರವಚನ, ಓದದವರಿಗೆ ದೊಡ್ಡವರ ವಿಷಯ. ‘ರಾತ್ರಿ ಮಲಗುವಾಗ ಮನಸ್ಸು ಹಗುರ ಇರುತ್ತದೆಯೇ?’ ಎಂದರೆ ಎಲ್ಲರೂ ಉತ್ತರಿಸುತ್ತಾರೆ.

ಮೂರು, ತಲೆಕೆಳಗಾಗುವ ಅರ್ಥ. ಸ್ವಂತ ನಿರ್ಧಾರದ ಶಕ್ತಿ ಇಳಿದರೆ ಕ್ಷೇಮ ಇಳಿಯಿತು ಎಂಬುದು ಮೂಲ ಮಾಪಕದ ಲೆಕ್ಕ. ಅರವತ್ತೈದರಲ್ಲಿ ಬೀಗದ ಕೈ ಗೊಂಚಲನ್ನು ಸೊಸೆಯ ಕೈಗಿತ್ತು ‘ಇನ್ನು ನೀನೇ ನೋಡಿಕೋ’ ಎಂದ ಅತ್ತೆಯ ಅಂಕ ಆ ವರ್ಷ ಇಳಿಯುತ್ತದೆ. ಅವರೇ ಕೊಟ್ಟರೋ, ಕಸಿದುಕೊಂಡರೋ ಎಂಬ ಒಂದು ಹೆಚ್ಚುವರಿ ಪ್ರಶ್ನೆ ಕೇಳಿದರೆ ಅದೇ ಇಳಿಕೆ ಎರಡು ಬೇರೆ ಕಥೆಗಳಾಗುತ್ತದೆ.

ಕೊನೆಗೆ ಐದಾರು ಹಿರಿಯರನ್ನು ಕೂರಿಸಿಕೊಂಡು ಪ್ರತಿ ಪ್ರಶ್ನೆಯ ನಂತರ ‘ಇದರಿಂದ ನಿಮಗೇನು ಅರ್ಥವಾಯಿತು?’ ಎಂದು ಕೇಳಿ. ಧಾರವಾಡದಲ್ಲಿ ಒಗ್ಗಿದ ಪ್ರಶ್ನೆ ಮಂಗಳೂರಿನಲ್ಲಿ ಒಗ್ಗದೆ ಇರಬಹುದು.

ಹಂತ 5: ಅಂಕ ಹಾಕಿಸುವ ಬಗೆ

‘ಬಲವಾಗಿ ಒಪ್ಪುತ್ತೇನೆ’ಯಿಂದ ‘ಬಲವಾಗಿ ಒಪ್ಪುವುದಿಲ್ಲ’ದವರೆಗಿನ ಏಳು ಮೆಟ್ಟಿಲು ಕಾಲೇಜಿನವರಿಗೆ ಸರಿ. ಓದುಬರಹ ಕಡಿಮೆ ಇರುವವರಿಗೆ ಏಣಿಯ ಚಿತ್ರ ತೋರಿಸಿ: ತುದಿಯ ಮೆಟ್ಟಿಲು ಅತ್ಯುತ್ತಮ ಬದುಕು, ಬುಡದ್ದು ಅತಿ ಕೆಟ್ಟದ್ದು, ನೀವು ಎಲ್ಲಿ ನಿಂತಿದ್ದೀರಿ? ಹ್ಯಾಡ್ಲಿ ಕ್ಯಾಂಟ್ರಿಲ್ 1960ರ ದಶಕದಲ್ಲಿ ರೂಢಿಗೆ ತಂದ ಈ ಏಣಿ ಭಾಷೆಯ ಹಂಗಿಲ್ಲದೆ ಕೆಲಸ ಮಾಡುತ್ತದೆ. ಎಂಬತ್ತು ದಾಟಿದವರ ಬಳಿ ‘ರೂಪಾಯಿಗೆ ಎಷ್ಟಾಣೆ?’ ಎಂದರೆ ಇನ್ನೂ ಚೆನ್ನ. ಆಣೆಯ ಲೆಕ್ಕ 1957ರಲ್ಲಿ ಹೋಯಿತು, ‘ಹದಿನಾರಾಣೆ’ ಮಾತ್ರ ಬಾಯಲ್ಲಿ ಉಳಿಯಿತು. ‘ಹನ್ನೆರಡಾಣೆ ನೆಮ್ಮದಿ’ ಎನ್ನುವಾಗ ಅವರ ಮುಖದಲ್ಲಿ ಅನುಮಾನವಿರುವುದಿಲ್ಲ. ಒಮ್ಮೆ ಆರಿಸಿದ ಬಗೆಯನ್ನು ಕೊನೆಯ ಸುತ್ತಿನವರೆಗೂ ಬದಲಿಸಬೇಡಿ.

ವಯಸ್ಸು ಗೊತ್ತಿಲ್ಲದವರಿಗೆ ಘಟನೆಗಳ ಪಟ್ಟಿ ಇಟ್ಟುಕೊಳ್ಳಿ. ಗಾಂಧೀಜಿ ತೀರಿಕೊಂಡ 1948, ರಾಜ್ಯ ಒಂದಾದ 1956, ‘ಕರ್ನಾಟಕ’ ಎಂದು ಹೆಸರಾದ 1973. ಆಗ ಶಾಲೆಗೆ ಹೋಗುತ್ತಿದ್ದರೋ, ಮದುವೆಯಾಗಿತ್ತೋ ಎಂದು ಕೇಳಿದರೆ ಎರಡು ಮೂರು ವರ್ಷದ ಅಂತರದಲ್ಲಿ ವಯಸ್ಸು ಸಿಗುತ್ತದೆ.

ಹಂತ 6: ಮೊದಲು ಕಿವಿ, ನೆನಪು, ಖಿನ್ನತೆ

ಕೇಳಿಸದ ಪ್ರಶ್ನೆಗೂ ಉತ್ತರ ಬರುತ್ತದೆ. ಕಿವಿ ಪರೀಕ್ಷಿಸಿಕೊಳ್ಳಿ. ನೆನಪಿನ ಪರೀಕ್ಷೆಗೆ ಅಕ್ಷರ ಬಲ್ಲವರ ಮಾಪಕವನ್ನು ಅಕ್ಷರ ಬಾರದವರ ಮೇಲೆ ಹೇರಬೇಡಿ; ವಾಕ್ಯ ಬರೆಯಿರಿ ಎಂದರೆ ಜಾಣ ಅಜ್ಜನೂ ಅನುತ್ತೀರ್ಣ. ಖಿನ್ನತೆಗೆ 15 ಪ್ರಶ್ನೆಗಳ ಗಿಡ್ಡ ಮಾಪಕವಿದೆ, ಹೌದು-ಇಲ್ಲ ಅಷ್ಟೇ. ಟೋರ್ನ್‌ಸ್ಟಾಮ್ ಹೇಳುವ ಹಿತವಾದ ಏಕಾಂತವೂ ಖಿನ್ನತೆಯ ಮೌನವೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ. ಈ ಮಾಪಕ ಪಕ್ಕದಲ್ಲಿಲ್ಲದಿದ್ದರೆ ಕಾಯಿಲೆಯನ್ನು ವೈರಾಗ್ಯವೆಂದು ಬರೆದುಬಿಡುವ ಅಪಾಯವಿದೆ. ‘ಸಾಕಾಗಿದೆ, ಹೋಗಿಬಿಡಬೇಕು’ ಎಂಬ ಮಾತು ಬಂದರೆ ಪ್ರಶ್ನಾವಳಿ ಮುಚ್ಚಿ, ಜೊತೆಗೆ ಕೂತುಕೊಳ್ಳಿ, ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಅಲ್ಲಿಂದಲೇ ಕರೆ ಮಾಡಿಸಿ.

ಹಂತ 7: ಜಗಲಿಯ ಮೇಲೆ

ಒಪ್ಪಿಗೆ ಪತ್ರವನ್ನು ಓದಿ ಹೇಳಿ. ಹೆಬ್ಬೆಟ್ಟು ಒತ್ತುವವರಿದ್ದರೆ ನಿಮ್ಮ ತಂಡದವರಲ್ಲದ ಸಾಕ್ಷಿಯ ಸಹಿ ಬೇಕು. ಕಾಲೇಜಿನ ಅಧ್ಯಯನವಾದರೆ ನೈತಿಕ ಸಮಿತಿಯ ಅನುಮತಿ ಮೊದಲೇ ಪಡೆಯಿರಿ. ಇದೆಲ್ಲ ಎಲ್ಲ ಪಠ್ಯಗಳಲ್ಲೂ ಇದೆ.

ಪಠ್ಯದಲ್ಲಿ ಇಲ್ಲದ್ದು ಬಾಗಿಲ ಮರೆಯಲ್ಲಿ ನಿಂತ ಸೊಸೆ ಅಥವಾ ಮಗ. ‘ಮನೆಯವರು ಚೆನ್ನಾಗಿ ನೋಡಿಕೊಳ್ಳುತ್ತಾರೆಯೇ?’ ಎಂಬುದಕ್ಕೆ ಅವರಿದ್ದಾಗ ಒಂದು ಉತ್ತರ, ಇಲ್ಲದಾಗ ಇನ್ನೊಂದು. ‘ಅಜ್ಜಿ, ಹಿತ್ತಿಲು ತೋರಿಸಿ’ ಎಂದು ಎದ್ದು ಹೋಗುವುದು ನನಗೆ ಗೊತ್ತಿರುವ ಒಳ್ಳೆಯ ಉಪಾಯ. ಮಲ್ಲಿಗೆ ಬಳ್ಳಿಯ ಬಳಿ ಸಿಗುವ ಉತ್ತರ ನಡುಮನೆಯಲ್ಲಿ ಸಿಗದು. ಯಾರು ಜೊತೆಗಿದ್ದರು ಎಂಬುದನ್ನು ಪ್ರತಿ ಹಾಳೆಯ ಮೂಲೆಯಲ್ಲಿ ಗುರುತಿಸಿ.

ಹಂತ 8: ಅಂಕದ ಜೊತೆಗೆ ಕಥೆ

ಪ್ರತಿ ಸುತ್ತಿನಲ್ಲೂ ಇಪ್ಪತ್ತು ನಿಮಿಷ ಬದುಕಿನ ಕಥೆ ಹೇಳಿಸಿ, ಒಪ್ಪಿಗೆ ಇದ್ದರೆ ಧ್ವನಿ ಮುದ್ರಿಸಿಕೊಳ್ಳಿ. ಎತ್ತರದ ಒಂದು ಗಳಿಗೆ, ಆಳದ ಒಂದು ಗಳಿಗೆ, ದಾರಿ ತಿರುಗಿದ ಒಂದು ಗಳಿಗೆ. ಕಥೆಯ ಬೆಲೆ ಎಷ್ಟೆಂದು ತೋರಿಸಿದ್ದು ಅಮೆರಿಕದ ಸನ್ಯಾಸಿನಿಯರ ಅಧ್ಯಯನ. ಡೇವಿಡ್ ಸ್ನೋಡನ್ 678 ಕ್ಯಾಥೊಲಿಕ್ ಸನ್ಯಾಸಿನಿಯರನ್ನು ಮುಪ್ಪಿನಲ್ಲಿ ಹಿಂಬಾಲಿಸುತ್ತಿದ್ದಾಗ, ಅವರಲ್ಲಿ ಹಲವರು ಇಪ್ಪತ್ತರ ಆಸುಪಾಸಿನಲ್ಲಿ ಬರೆದ ಆತ್ಮಕಥೆಯ ಹಾಳೆಗಳು ಮಠದ ದಾಖಲೆಗಳಲ್ಲಿ ಸಿಕ್ಕವು. 2001ರಲ್ಲಿ ಅವುಗಳಲ್ಲಿ 180ನ್ನು ವಿಶ್ಲೇಷಿಸಿ ನೋಡಿದಾಗ, ಯೌವನದ ಬರಹದಲ್ಲಿ ಹಿತವಾದ ಭಾವಗಳು ಹೆಚ್ಚು ಇದ್ದವರು ಹೆಚ್ಚು ಕಾಲ ಬದುಕಿದ್ದು ಕಂಡಿತು. ಬರೆಸಿದವರಿಗೆ ಅದು ಮುಂದೆ ವಿಜ್ಞಾನವಾಗುತ್ತದೆ ಎಂದು ಗೊತ್ತಿರಲಿಲ್ಲ.

ಕಥೆಯನ್ನು ಇಬ್ಬರು ಬೇರೆ ಬೇರೆಯಾಗಿ ಓದಿ ಗುರುತು ಹಾಕಬೇಕು. ಯಾವ ಸುತ್ತಿನ ಕಥೆ ಎಂಬುದು ಓದುವವರಿಗೆ ತಿಳಿಯಬಾರದು. ತಿಳಿದರೆ ಬೆಳವಣಿಗೆಯನ್ನು ಅವರೇ ಹುಡುಕಿಕೊಡುತ್ತಾರೆ.

ವಚನ ಪರಂಪರೆಯ ಹಿರಿಯರನ್ನು ಮಾತನಾಡಿಸುವವರಿಗೆ ಷಟ್‌ಸ್ಥಲದ ಆಸೆ ಬರುತ್ತದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ: ಆರು ಮೆಟ್ಟಿಲು ಸಿದ್ಧವಾಗಿವೆ, ಒಂದರಿಂದ ಆರು ಅಂಕ ಹಾಕಿಬಿಟ್ಟರಾಯಿತಲ್ಲ! ಹಾಕಬೇಡಿ. ಐಕ್ಯದಲ್ಲಿ ಅಂಕ ಹೇಳಲು ‘ನಾನು’ ಉಳಿದಿರುವುದಿಲ್ಲ, ‘ನಾನು ಆರನೆಯದರಲ್ಲಿದ್ದೇನೆ’ ಎಂದವರನ್ನು ಎಲ್ಲಿ ಇಡುವುದು? ಹಿರಿಯರು ತಮ್ಮ ಕಥೆಯಲ್ಲಿ ಆ ಪದಗಳನ್ನು ಹೇಗೆ ಬಳಸುತ್ತಾರೆ, ಆರು ವರ್ಷದಲ್ಲಿ ಆ ಬಳಕೆ ಹೇಗೆ ಬದಲಾಯಿತು ಎಂಬುದನ್ನು ಗಮನಿಸಿ. ಅಲ್ಲಿಗೆ ನಿಲ್ಲಿಸಿ.

ಹಂತ 9: ಎರಡನೆಯ ಸುತ್ತು, ಬದಲಾದ ಸೇರು

ಈಗ ಮೇಷ್ಟ್ರ ಕಡೆಗೆ ಬರೋಣ. ಉತ್ತರಿಸುವವರ ಅಳತೆಗೋಲೇ ಬದಲಾಗುವುದನ್ನು ಸ್ಪ್ರಾಂಗರ್ಸ್ ಮತ್ತು ಶ್ವಾರ್ಟ್ಸ್ ಎಂಬ ಸಂಶೋಧಕರು 1999ರಲ್ಲಿ ಮೂರು ಬಗೆಯಾಗಿ ವಿವರಿಸಿದರು. ಮೆಟ್ಟಿಲುಗಳ ಅಂತರ ಬದಲಾಗಬಹುದು: ಶಸ್ತ್ರಚಿಕಿತ್ಸೆಯ ನೋವು ಕಂಡವರಿಗೆ ಹಳೆಯ ಮಂಡಿ ನೋವು ‘ಸ್ವಲ್ಪ’ವಾಗುತ್ತದೆ. ಮುಖ್ಯವಾದದ್ದು ಬದಲಾಗಬಹುದು: ನಿನ್ನೆ ಬಡ್ತಿ, ಇಂದು ಮೊಮ್ಮಗಳ ಫೋನು. ಅರ್ಥವೇ ಬದಲಾಗಬಹುದು: ಭಕ್ತಿ ಎಂದರೆ ಆಗ ಪೂಜೆ, ಈಗ ಯಾರ ಮೇಲೂ ಸಿಟ್ಟಿಲ್ಲದಿರುವುದು.

ಇದನ್ನು ಹಿಡಿಯಲು ಒಂದು ಉಪಾಯವಿದೆ. ಇಂದಿನ ಅಂಕ ಪಡೆದ ಮೇಲೆ, ಹಳೆಯ ಹಾಳೆ ತೋರಿಸದೆ, ‘ಕಳೆದ ಸಲ ನಾವು ಬಂದಾಗ ನೀವು ಹೇಗಿದ್ದಿರಿ? ಇಂದಿನ ಕಣ್ಣಿನಿಂದ ನೋಡಿ ಅಂಕ ಹಾಕಿ’ ಎಂದು ಕೇಳಿ. ಮೇಷ್ಟ್ರು ತಮ್ಮ ಅರವತ್ತಕ್ಕೆ ಹಾಕಿದ್ದು 17. ಹಾಳೆಗಳ ಲೆಕ್ಕದಲ್ಲಿ 28ರಿಂದ 22ಕ್ಕೆ ಇಳಿದವರು, ತಮ್ಮ ಇಂದಿನ ಸೇರಿನಲ್ಲಿ 17ರಿಂದ 22ಕ್ಕೆ ಏರಿದ್ದರು. ಎರಡನೆಯದೇ ನಿಜ ಎಂದು ಕುಣಿಯಬೇಡಿ. ‘ನಾನು ಸುಧಾರಿಸಿದ್ದೇನೆ’ ಎಂದು ನಂಬುವುದು ಎಲ್ಲರಿಗೂ ಇಷ್ಟ, ನೆನಪು ಆ ಇಷ್ಟಕ್ಕೆ ಬಣ್ಣ ಬಳಿಯುತ್ತದೆ. ಮೂರೂ ಅಂಕಗಳನ್ನು ವರದಿಯಲ್ಲಿ ಕೊಡಿ. ಮನಸ್ಸಿನ ಆರೋಗ್ಯ ಅಳೆಯುವವರು ಈ ಬದಲಾವಣೆಯನ್ನು ದೋಷವೆಂದು ಸೋಸಿಹಾಕಲು ನೋಡುತ್ತಾರೆ. ಆಧ್ಯಾತ್ಮದಲ್ಲಿ ಸೋಸಿಹಾಕಿದರೆ ಉಳಿಯುವುದೇನು? ಅಲ್ಲಿ ಸೇರು ಬದಲಾಗುವುದೇ ಆಗಬೇಕಾಗಿದ್ದ ಬದಲಾವಣೆ ಎಂದು ನನ್ನ ಎಣಿಕೆ.

ಬಿಟ್ಟುಹೋದವರ ಲೆಕ್ಕವನ್ನೂ ಇಡಿ. ತೀರಿಕೊಂಡವರು, ಹಾಸಿಗೆ ಹಿಡಿದವರು, ಮಗಳ ಬಾಣಂತನಕ್ಕೆ ಆರು ತಿಂಗಳು ಅಮೆರಿಕಕ್ಕೆ ಹೋದವರು. ಉಳಿದವರು ಸಾಮಾನ್ಯವಾಗಿ ಗಟ್ಟಿಗರು, ಅವರ ಸರಾಸರಿ ಮಾತ್ರ ನೋಡಿದರೆ ಮುಪ್ಪು ಬಹಳ ಸುಂದರವಾಗಿ ಕಾಣುತ್ತದೆ. ಹೋದವರ ಮೊದಲ ಸುತ್ತಿನ ಅಂಕವನ್ನು ಉಳಿದವರ ಮೊದಲ ಸುತ್ತಿನ ಅಂಕದೊಡನೆ ಹೋಲಿಸಿ ಒಂದು ಕೋಷ್ಟಕ ಹಾಕಿ. ದೂರದಲ್ಲಿರುವವರನ್ನು ಫೋನಿನಲ್ಲಿ ಮಾತನಾಡಿಸಿದರೆ ಅದನ್ನೂ ನಮೂದಿಸಿ.

ಹಂತ 10: ಲೆಕ್ಕ

ಒಬ್ಬರ ಅಂಕ ನಿಜವಾಗಿ ಬದಲಾಯಿತೇ, ಮಾಪಕದ ಅಲುಗಾಟವೇ? ಜೇಕಬ್‌ಸನ್ ಮತ್ತು ಟ್ರೂಆಕ್ಸ್ 1991ರಲ್ಲಿ ಕೊಟ್ಟ ಸೂತ್ರ ಕೈಲೆಕ್ಕದಲ್ಲೇ ಆಗುತ್ತದೆ. ನಿಮ್ಮ ಗುಂಪಿನಲ್ಲಿ ತೃಪ್ತಿಯ ಅಂಕದ ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) 6, ಮಾಪಕದ ವಿಶ್ವಾಸಾರ್ಹತೆ (ಅಳತೆ ಅಲುಗಾಡದೆ ಎಷ್ಟು ಸ್ಥಿರವಾಗಿದೆ ಎಂಬುದು, ಪೂರ್ತಿ ಸ್ಥಿರವಾದರೆ 1) 0.85 ಎಂದಿಟ್ಟುಕೊಳ್ಳಿ. 1ರಿಂದ 0.85 ಕಳೆದರೆ 0.15, ಅದರ ವರ್ಗಮೂಲ 0.387, ಆರರಿಂದ ಗುಣಿಸಿದರೆ 2.32. ಇದು ಒಂದು ಅಳತೆಯ ದೋಷ. ಎರಡು ಅಳತೆಗಳಿರುವುದರಿಂದ 1.414ರಿಂದ ಗುಣಿಸಿ, 3.29. ಶೇಕಡ 95ರ ಭರವಸೆಗೆ 1.96ರಿಂದ ಗುಣಿಸಿ, 6.4. ಅಂದರೆ ಏಳು ಅಂಕಕ್ಕಿಂತ ಕಡಿಮೆ ಏರಿಳಿತವನ್ನು ಬದಲಾವಣೆ ಎನ್ನುವಂತಿಲ್ಲ.

ಮೇಷ್ಟ್ರು ಇಳಿದದ್ದು ಆರು. ‘ಕುಸಿತ’ ಎಂಬ ಪದವನ್ನು ಹೊಡೆದುಹಾಕಿ.

ವರದಿ ಮುಗಿದ ಮೇಲೆ ಭಾಗವಹಿಸಿದವರಿಗೆ ಗುಂಪಿನ ಫಲಿತಾಂಶವನ್ನು ಅವರ ಜಗಲಿಯಲ್ಲೇ ಓದಿ ಹೇಳಿ. ಒಬ್ಬೊಬ್ಬರ ಅಂಕವನ್ನು ಅವರು ಕೇಳಿದರೆ ಅವರಿಗಷ್ಟೇ ಕೊಡಿ, ಮಕ್ಕಳು ಎಷ್ಟೇ ಕೇಳಿದರೂ ಮಕ್ಕಳಿಗೆ ಬೇಡ. ಹೆಸರಿರುವ ಹಾಳೆಯನ್ನೂ ಉತ್ತರದ ಹಾಳೆಯನ್ನೂ ಬೇರೆ ಬೇರೆ ಬೀರುವಿನಲ್ಲಿಡಿ. ಮೇಷ್ಟ್ರು ತಮ್ಮ ಎರಡೂ ಹಾಳೆಗಳ ಜೆರಾಕ್ಸ್ ಕೇಳಿ ಪಡೆದರು. ಮೂರನೆಯ ಸುತ್ತಿನ ದಿನಾಂಕವನ್ನು ಅವರೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾರೆ.